ಮುಖ ಅಗಲವಾಗದಂತೆ

ವಿನುತಾ ಕೀಲಿಮಣೆಯಿಂದ ಕೈ ತೆಗೆದು ತಣ್ಣಗಾದ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ. ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲುಗಳು ಸರಸರನೆ ಮೇಲೇರಿ, ಒಂದು ಕಡೆ ತಡೆದು ನಿಲ್ಲುತ್ತವೆ. ಎರಡನೇ ಸಲವೂ ಅದೇ ಜಾಗ. ಹೊರಗೆ ಕೊಡ್ಲಿಪೇಟೆಯ ಬಸ್ ನಿಲ್ದಾಣದಲ್ಲಿ ಮೊದಲ ಬಸ್ಸು ಎಂಜಿನ್ ಬಿಸಿ ಮಾಡಿಕೊಳ್ಳುತ್ತಿದೆ. ಹೋಟೆಲಿನವರು ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದಾರೆ.

"ಇಲ್ಲೇ ಎಲ್ಲೋ ಐತೆ ಗಂಟು," ಎನ್ನುತ್ತಾ ಅವರು ಮತ್ತೆ ಬಗ್ಗುತ್ತಾರೆ.

ಮೇಜಿನ ಮೇಲಿನ ಪುಟ್ಟ ಟೀವಿಯಲ್ಲಿ ಕಾಂತಮ್ಮನ ಮುಖವಿದೆ. ನಿನ್ನೆ ಸಂಜೆ ತೀರಿಕೊಂಡ ಹಿರಿಯ ಜೀವ. ಯಾರೋ ಎರಡೂ ಕಡೆಯಿಂದ ಹಿಡಿದು ಎಳೆದ ಹಾಗೆ ಆ ಮುಖ ಅಗಲವಾಗಿದೆ. ಕೆನ್ನೆ ಊದಿದಂತಿದೆ, ಹಣೆಯ ವಿಭೂತಿ ಚಪ್ಪಟೆಯಾಗಿದೆ. "ಹಿಂಗೇ ಬಿಟ್ರೆ ಮನೆಯವರು ಏನಂದ್ಕಂತಾರೆ ಹೇಳಿ. ಅವರು ಇಷ್ಟು ವರ್ಷ ನೋಡಿದ ಮುಖ ಇದಲ್ಲ."

ನಲವತ್ತೈದರ ವಿನುತಾ ಇಲ್ಲಿನ ಕೇಬಲ್ ಕಚೇರಿಯ ಸ್ಥಳೀಯ ಚಾನೆಲನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಮದುವೆ, ಕರೆಂಟ್ ಇಲ್ಲದ ದಿನ, ಕಾಫಿ ಧಾರಣೆ, ಎಲ್ಲವೂ ಒಂದೊಂದು ಸ್ಲೈಡ್ ಆಗಿ ಬರುತ್ತವೆ. ಜನ ಕಾದು ನೋಡುವುದು ಮಾತ್ರ ಬೆಳಗಿನ ಮರಣ ವಾರ್ತೆಯನ್ನು. ಸತ್ತವರ ಮಣ್ಣಿಗೆ ಹೋಗಬೇಕಾದವರು ಅದನ್ನು ನೋಡಿಯೇ ಬಸ್ಸು ಹಿಡಿಯುತ್ತಾರೆ.

ಇಷ್ಟನ್ನೂ ಹೊತ್ತಿರುವುದು ಒಂದು ಹಳೆಯ ಕಂಪ್ಯೂಟರು. ಅದರ ಗ್ರಾಫಿಕ್ಸ್ ಕಾರ್ಡಿನಲ್ಲಿರುವ ದುಂಡನೆಯ ತೂತಿನಿಂದ ಹೊರಟ ವೈರು ಕೇಬಲ್ ಯಂತ್ರಕ್ಕೆ ಹೋಗುತ್ತದೆ. ಅಂಥ ತೂತು ಈಗಿನ ಕಂಪ್ಯೂಟರುಗಳಲ್ಲಿಲ್ಲ. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತು ನಡೆಸುವ ಡ್ರೈವರ್ ತಂತ್ರಾಂಶವನ್ನು, ಅದನ್ನು ತಯಾರಿಸಿದವರು ಎಂದೋ ಕೈಬಿಟ್ಟಿದ್ದಾರೆ. ರಾತ್ರಿ ಕರೆಂಟ್ ಹೋಗಿ ಬಂದಾಗ ಕಂಪ್ಯೂಟರು ತನ್ನ ಮೂಲ ತಂತ್ರಾಂಶದ ಹೊಸ ಆವೃತ್ತಿಯೊಂದಿಗೆ ಎದ್ದಿದೆ. ಹಳೆಯ ಡ್ರೈವರಿಗೆ ಅದರ ಗುರುತು ಸಿಗುತ್ತಿಲ್ಲ. ಡ್ರೈವರ್ ಇಲ್ಲದಿದ್ದರೆ ಚಿತ್ರದ ಅಳತೆ ಕೆಟ್ಟು ಮುಖಗಳೆಲ್ಲ ಅಗಲವಾಗುತ್ತವೆ. ಹಿಂದಿನ ಆವೃತ್ತಿಗೇ ಮರಳೋಣವೆಂದರೆ, ಡಿಸ್ಕಿನಲ್ಲಿ ಜಾಗ ಸಾಲದೆ ಅದನ್ನು ವಿನುತಾ ಅವರೇ ಹಿಂದೆ ಅಳಿಸಿದ್ದಾರೆ.

ಚಾನೆಲಿನ ಮಾಲೀಕ ಕಲ್ಲೇಶಪ್ಪ ಕಳೆದ ಮಳೆಗಾಲದಲ್ಲೇ ಹೇಳಿಬಿಟ್ಟಿದ್ದಾರೆ: "ಇನ್ನೊಂದ್ಸಲ ನಿಂತ್ರೆ ಮುಚ್ಚಿಬಿಡಾಣ ಕಣಮ್ಮ. ಎಲ್ಲಾರ ಕೈಲೂ ಮೊಬೈಲ್ ಐತೆ." ಅವರು ಬರುವುದು ಎಂಟಕ್ಕೆ. ಅಷ್ಟರೊಳಗೆ ಮುಖ ಸರಿಯಾಗಬೇಕು.

"ಎಲ್ಲಾರ ಕೈಲೂ ಅಂತಾರೆ," ಎನ್ನುತ್ತಾರೆ ವಿನುತಾ. "ಹಾಸಿಗೆ ಹಿಡಿದೋರು, ಓದು ಬರಹ ಇಲ್ದೋರು, ಅವರ ಕೈಲಿ ಎಲ್ಲೈತೆ?"

ಈ ಕೆಲಸವನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಮದುವೆಗೆ ಮುಂಚೆ ಸೋಮವಾರಪೇಟೆಯಲ್ಲಿ ಡಿಟಿಪಿ ಕಲಿತಿದ್ದರು, ಅಷ್ಟೆ. ಮೊದಲ ಸಲ ಡ್ರೈವರ್ ಕೆಟ್ಟಾಗ ಹಾಸನದಿಂದ ಬಂದ ರಿಪೇರಿಯವನು, ಇದನ್ನು ಗುಜರಿಗೆ ಹಾಕಿ ಎಂದು ಹೇಳಿ ಹೋಗಿದ್ದ. ಇವರು ಹಾಕಲಿಲ್ಲ. ಇಂಟರ್ನೆಟ್ಟಿನಲ್ಲಿ ಇದೇ ಕಾರ್ಡು ಇಟ್ಟುಕೊಂಡು ಒದ್ದಾಡುತ್ತಿರುವವರ ಬರಹಗಳನ್ನು ಹುಡುಕಿದರು. ತಿಳಿಯದ ಇಂಗ್ಲಿಷನ್ನು ಮಗಳು ಚಂದನಾಳಿಂದ ಓದಿಸಿಕೊಂಡರು. ಎರಡು ಸಲ ಎಲ್ಲವೂ ಅಳಿಸಿಹೋಗಿ ಮೊದಲಿನಿಂದ ಶುರು ಮಾಡಿದರು.

"ಮನೇಲಿ ಅತ್ತೆ ಬೈತಿದ್ರು, ಬೆಳಗಾಗೆದ್ದು ಸತ್ತೋರ ಮುಖ ನೋಡಕ್ಕೆ ಓಡ್ತಾಳೆ ಅಂತ. ಈಗ ಅವರೇ ಕೇಳ್ತಾರೆ, ಇವತ್ತು ಯಾರೇ ಅಂತ."

ಮೂರನೇ ಸಲಕ್ಕೆ ಗಂಟು ಸಿಗುತ್ತದೆ. ಡ್ರೈವರ್ ಒಂದು ಕಡೆ ಮೂಲ ತಂತ್ರಾಂಶದ ಭಾಗವೊಂದನ್ನು ಹಳೆಯ ಹೆಸರಿನಿಂದ ಕರೆಯುತ್ತಿದೆ. ಹೊಸ ಆವೃತ್ತಿಯಲ್ಲಿ ಆ ಹೆಸರೇ ಇಲ್ಲ. ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿಟ್ಟ ತಿದ್ದುಪಡಿಯ ತೇಪೆಯೊಂದು ಸಿಗುತ್ತದೆ, ಆದರೆ ಇದಕ್ಕೆ ಪೂರ್ತಿ ಹೊಂದುವುದಿಲ್ಲ. ವಿನುತಾ ಎರಡು ಸಾಲುಗಳನ್ನು ಕೈಯಾರೆ ತಿದ್ದಿ ಮತ್ತೆ ಓಡಿಸುತ್ತಾರೆ. ಸಾಲುಗಳು ಏರುತ್ತವೆ, ತಡೆದ ಜಾಗವನ್ನು ದಾಟುತ್ತವೆ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಾಗ ಟೀವಿ ಒಂದು ಕ್ಷಣ ಕಪ್ಪಾಗಿ, ಆಮೇಲೆ ಕಾಂತಮ್ಮ ತಮ್ಮದೇ ಮುಖದಲ್ಲಿ ಬರುತ್ತಾರೆ. ಕೋಲು ಮುಖ, ಒಳಗೆ ಹೋದ ಕೆನ್ನೆ, ತುಟಿಯ ತುದಿಯಲ್ಲಿ ತಡೆದುಕೊಂಡ ನಗು.

ಎಡ ಹೆಗಲ ಮೇಲೆ ಹಸಿರು ಬಳೆಯ ಕೈಯೊಂದು ಉಳಿದಿದೆ. ಅದನ್ನು ತೆಗೆಯಲು ಹೊತ್ತಿಲ್ಲ.

"ಗಂಡಸರದ್ದಾದ್ರೆ ಒಬ್ಬರದೇ ಫೋಟೊ ಇರ್ತದೆ. ಬ್ಯಾಂಕಿಗೆ, ಸೊಸೈಟಿಗೆ ಅಂತ ತೆಗಿಸಿರ್ತಾರೆ. ಹೆಂಗಸರದ್ದು ಗೃಹಪ್ರವೇಶದ್ದೋ, ತೊಟ್ಟಿಲು ಶಾಸ್ತ್ರದ್ದೋ, ಹಿಂಡಲ್ಲಿ ನಿಂತಿದ್ದು. ಅದರಿಂದ ಕತ್ತರಿಸಿ ತೆಗೀಬೇಕು. ಯಾರದ್ದೋ ಕೈ, ಯಾರದ್ದೋ ಸೆರಗು ಅಂಟ್ಕಂಡೇ ಬರ್ತದೆ." ಅದನ್ನೆಲ್ಲ ಅಳಿಸಿ ಹಿಂದೆ ನೀಲಿ ಬಣ್ಣ ತುಂಬುವುದು ಇಲ್ಲಿನ ರೂಢಿ. ವಿನುತಾ ಸೇರಿಸುತ್ತಾರೆ, "ಈ ಊರಿನ ಹೆಂಗಸರನ್ನ ಒಬ್ಬೊಬ್ಬರನ್ನೇ ನಾನು ನೋಡಿದ್ದು ಅವರು ಹೋದ ಮೇಲೇ."

ಎಂಟಕ್ಕೆ ಕಲ್ಲೇಶಪ್ಪ ಬರುತ್ತಾರೆ. "ಕರೆಂಟ್ ಹೋಗಿತ್ತಲ್ಲ, ನಿನ್ನ ಮುದುಕಿ ಎದ್ಲಾ?" ಕಂಪ್ಯೂಟರಿಗೆ ಅವರಿಟ್ಟ ಹೆಸರು ಅದು.

"ನಿಮಗಿಂತ ಮುಂಚೆ ಎದ್ದವಳೆ ಕಲ್ಲೇಶಣ್ಣ."

ಅವರು ಟೀವಿಯತ್ತ ಬಗ್ಗುತ್ತಾರೆ. "ಅದ್ಯಾರ ಕೈ? ದೆವ್ವದ ಸಿನಿಮಾ ಇದ್ದಂಗೈತೆ. ತೆಗ್ದು ಚೊಕ್ಕ ಮಾಡು." ಹಾಗೆಂದವರು ತುಂಡಾದ ಲೈನು ನೋಡಲು ಏಣಿಯ ಸಮೇತ ಹೊರಡುತ್ತಾರೆ.

ವಿನುತಾ ಸ್ಲೈಡ್ ತೆರೆದು ಅಳಿಸುವ ಸಾಧನವನ್ನು ಹಸಿರು ಬಳೆಯ ಮೇಲೆ ತಂದಿದ್ದಾರಷ್ಟೆ, ಕಚೇರಿಯ ಫೋನು ಬಡಿದುಕೊಳ್ಳುತ್ತದೆ. ಅತ್ತ ಕಡೆ ಮುದಿ ದನಿ. ಮಾತು ಹೊರಗೂ ಕೇಳುವಷ್ಟು ಜೋರು.

"ಟೀವಿಯೋರಾ? ನಾನು ರುದ್ರಮ್ಮ ಕಣವ್ವ, ಕಾಂತಕ್ಕನ ವಾರಗಿತ್ತಿ. ಸೊಂಟ ಮುರ್ಕಂಡು ಮಗಳ ಮನೇಲಿ ಬಿದ್ದಿವ್ನಿ. ಮಣ್ಣಿಗೆ ಹೋಗಕ್ಕಾಗಲ್ಲ."

"ಹೇಳಿ ಅಜ್ಜಿ. ಫೋಟೊ ಸರಿ ಬಂದಿಲ್ವಾ?"

"ಥೇಟ್ ಅವಳೇ ಕಣವ್ವ. ನನ್ನ ಮೇಲೆ ಸಿಟ್ಟು ಮಾಡ್ಕಂಡಾಗಲೂ ಹಿಂಗೇ ನಗಾಡಳು." "ಅವಳ ಹೆಗಲ ಮ್ಯಾಲಿರದು ನನ್ನ ಕೈ. ಹೊಸ ಮನೆ ಒಕ್ಕಲಾದಾಗ ತೆಗ್ದಿದ್ದು. ನಾನಂತೂ ಬರಂಗಿಲ್ಲ. ಕೈಯಾದ್ರೂ ಐತಲ್ಲ ಅಲ್ಲಿ. ಅದನ್ನೇನೂ ಮಾಡ್ಬ್ಯಾಡ."

"ಇಲ್ಲ ಅಜ್ಜಿ. ಸಂಜೆ ತನಕ ಹಂಗೇ ಇರ್ತದೆ."

ಫೋನ್ ಇಟ್ಟ ವಿನುತಾ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಅದು ಅಳಿಸಿದ ಕೈಗಳಿಗೆ ಲೆಕ್ಕವಿಲ್ಲ. ಹಸಿರು ಬಳೆಯ ಕೈಯನ್ನು ಇದ್ದ ಹಾಗೇ ಬಿಟ್ಟು ಅವರು ಆ ಸ್ಲೈಡನ್ನು ಮುಚ್ಚುತ್ತಾರೆ.

ಬಿಸಿಲೇರಿದ ಮೇಲೆ ಕಲ್ಲೇಶಪ್ಪ ಮರಳುತ್ತಾರೆ. "ಆ ಕೈ ತೆಗ್ದ್ಯಾ?"

"ಮುಖ ಸರಿ ಐತಲ್ಲ ಅಣ್ಣ," ಎಂದು ವಿನುತಾ ಅವರ ಕಡೆಗೆ ಕಾಫಿ ಸರಿಸುತ್ತಾರೆ. ಅವರು ಟೀವಿ ನೋಡುವುದನ್ನು ಬಿಟ್ಟು ಲೋಟ ಎತ್ತಿಕೊಳ್ಳುತ್ತಾರೆ.

ಅಷ್ಟರಲ್ಲಿ ಇನ್ನೊಂದು ಫೋಟೊ ಬಂದಿದೆ. ಪಕ್ಕದ ಊರಿನ ಹೆಂಗಸು, ಯಾವುದೋ ಮದುವೆಯ ಗುಂಪಿನಲ್ಲಿ ನಿಂತಿದ್ದಾರೆ. ಅವರ ಸೆರಗನ್ನು ಹಿಂದಿನಿಂದ ಮಗುವೊಂದರ ಬೆರಳುಗಳು ಹಿಡಿದಿವೆ. ವಿನುತಾ ಅಳಿಸುವ ಸಾಧನವನ್ನು ಮುಟ್ಟುವುದಿಲ್ಲ. ಕಲ್ಲೇಶಪ್ಪ ಪೇಪರಿನಲ್ಲಿ ಮುಳುಗಿರುವಾಗ, ಆ ಬೆರಳುಗಳೂ ಒಳಗೆ ಬರುವಷ್ಟು ಚೌಕಟ್ಟನ್ನು ಕೊಂಚ ಹಿಗ್ಗಿಸಿ, ಕೆಳಗೆ ಹೆಸರು ಬರೆಯಲು ತೊಡಗುತ್ತಾರೆ.