ಹಾಡಿನೊಳಗೊಂದು ಮೊರ

ಗೌರಿ ಹಬ್ಬದ ಬಾಗಿನಕ್ಕೆ ಮೊರ ಕೊಳ್ಳುವಾಗ ಅಡುಗೆಮನೆಗೂ ಇರಲಿ ಎಂದು ದೊಡ್ಡದೊಂದನ್ನು ತಂದೆ. ನೆನೆಸಿದ ಮೆಂತ್ಯದ ಜೊತೆ ಹಳೇ ಪೇಪರು ಸೇರಿಸಿ ರುಬ್ಬಿ, ಮೊರದ ಸಂದುಗಳಿಗೆ ಬಳಿದು ಹಿತ್ತಲ ಬಿಸಿಲಿಗಿಟ್ಟೆ. ಒಣಗುವ ಮೆಂತ್ಯದ ಕಹಿವಾಸನೆ ಗಾಳಿಯಲ್ಲಿ ತೇಲಿಬಂತು. ಅಷ್ಟೇ… ನಂಜನಗೂಡಿನ ಈ ಹಿತ್ತಲು ಎಲ್ಲೋ ಕರಗಿ, ನರಸೀಪುರದ ನನ್ನ ತವರಿನ ಬೀದಿ ಕಣ್ಮುಂದೆ ನಿಂತಿತು. ಎದುರುಮನೆಯ ಜಗುಲಿ, ಜಗುಲಿಯ ಮೇಲೆ ಕಾಲು ಚಾಚಿ ಕುಳಿತ ದೊಡ್ಡವ್ವ, ಅವಳ ಮಡಿಲ ಮುಂದೆ ಮೊರ.

ಸಂಬಂಧದಲ್ಲಿ ಅವಳು ನಮಗೇನೂ ಆಗಬೇಕಿರಲಿಲ್ಲ. ಬೀದಿಗೆಲ್ಲ ದೊಡ್ಡವ್ವ. ನಾಲ್ಕು ಮನೆಯ ಅಕ್ಕಿ ಕೇರಿ ಕಲ್ಲು ಆರಿಸಿಕೊಡುವುದು ಅವಳ ಕೆಲಸ. ಕೇರುವಾಗ ಬೆರಳಿನಿಂದ ಮೊರದ ಅಂಚಿಗೆ ಮೂರು ಸಲ ತಟ್ಟಿ, ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಮತ್ತೆ ಮೂರು ತಟ್ಟು, ಮತ್ತೆ ಬಿಡುವು. ಅವಳ ಅವ್ವನಿಂದ ಬಂದ ಕೈಯಂತೆ ಅದು. ಆ ತಟ್ಟಿನ ಮೇಲೆಯೇ ಅವಳ ಹಾಡು ಹುಟ್ಟುತ್ತಿತ್ತು.

ನಾನಾಗ ಪಿಯುಸಿ. ಒಂದು ದಿನ ನನ್ನ ಕೈಗೆ ಕ್ಯಾಲೆಂಡರಿನ ಹಾಳೆ ಕೊಟ್ಟು, "ಬರಿಯವ್ವ, ನಂಗೆ ಅಕ್ಸರ ಬರಾಕಿಲ್ಲ" ಎಂದಳು. ತಿಂಗಳ ಹಿಂಬದಿಯಲ್ಲಿ ನಾನು ಬರೆದುಕೊಂಡೆ.

"ಸಂಜೆ ಬಸ್ಸಣ್ಣ, ವಸಿ ನಿಲ್ಲಣ್ಣ,
ಅಕ್ಕ ಬತ್ತಾವ್ಳೆ, ಮಡ್ಲಕ್ಕಿ ತತ್ತಾವ್ಳೆ…"

ಯಾರು ಆ ಅಕ್ಕ ಎಂದು ಕೇಳಿದೆ. ದೊಡ್ಡವ್ವ ತನ್ನೆದೆಯ ಮೇಲೆ ಬೆರಳಿಟ್ಟು ತೋರಿಸಿ, ಕತೆ ಹೇಳಿದಳು. ಅವಳಿಗೊಬ್ಬ ತಂಗಿ. ಅಪ್ಪನಿಗೆ ಒಪ್ಪಿಗೆಯಿಲ್ಲದ ಮದುವೆಯಾಗಿ, ಒಂದು ಸಂಜೆ ಊರು ಬಿಟ್ಟಳು. "ಬಸ್‌ಸ್ಟಾಂಡಲ್ಲಿ ಕಾಯ್ತಿರ್ತೀನಿ, ಬಾ ಅಕ್ಕ" ಎಂದು ಹೇಳಿಕಳಿಸಿದ್ದಳಂತೆ.

"ಬರೀ ಕೈಲಿ ಎಂಗ್ ಕಳ್ಸನೆ? ಮಡ್ಲಿಗೆ ಅಕ್ಕಿ ಆಕಬೇಕಲ್ವಾ. ಕಲ್ಲಿರೋ ಅಕ್ಕಿ ಮಡ್ಲಿಗಾಕ್ಬಾರ್ದು ಅಂತ ಕೇರ್ತಾ ಕುಂತೆ ಕಣವ್ವ. ನಾನು ಓಗೋ ಒತ್ಗೆ ಬಸ್ಸು ಒಂಟೋಗಿತ್ತು."

ನಂಜನಗೂಡಿನ ಆಚೆ ಎಲ್ಲೋ ಇದ್ದಾಳೆ ಎಂಬುದಷ್ಟೇ ಗೊತ್ತಿತ್ತು. ಅಕ್ಕ ಬೇಕೆಂದೇ ಬರಲಿಲ್ಲವೆಂದು ಮುನಿದವಳು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.

ಬಸ್‌ಸ್ಟಾಂಡಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವರೊಬ್ಬರು ಅಕ್ಕಿ ತಗೊಂಡು ಹೋಗಲು ಬಂದಾಗ ಈ ಹಾಡು ಕೇಳಿ ಅಲ್ಲೇ ನಿಂತರು. ಆಗೆಲ್ಲ ಅವರು ನಮ್ಮ ಸುತ್ತಿನ ಹಾಡುಗಳನ್ನು ಸೇರಿಸಿ ತಾವೇ ಕ್ಯಾಸೆಟ್ ಮಾಡಿಸುತ್ತಿದ್ದರು. ಅವು ಬಸ್ಸುಗಳಲ್ಲಿ ದಿನವಿಡೀ ಮೊಳಗುತ್ತಿದ್ದವು. "ಇದನ್ನ ಮೈಸೂರಲ್ಲಿ ರೆಕಾರ್ಡ್ ಮಾಡ್ಸೋಣ. ಒಳ್ಳೆ ಕಂಠದ ಗಾಯಕಿ ಅವ್ರೆ" ಎಂದರು.

"ನಾನೇ ಆಡ್ತೀನಿ ಸಾ. ಇಲ್ದಿದ್ರೆ ಬ್ಯಾಡ," ಎಂದಳು ದೊಡ್ಡವ್ವ. "ಬ್ಯಾರೆಯವ್ರು ಆಡುದ್ರೆ, ನಾನು ಅಂತ ನನ್ ತಂಗಿಗೆಂಗ್ ಗೊತ್ತಾದದು?"

ಮಧ್ಯಾಹ್ನ ಹನ್ನೆರಡರ ತನಕ ಅವಳಿಗೆ ಅವಕಾಶ, ಆಗದಿದ್ದರೆ ಗಾಯಕಿ ಹಾಡುವುದು ಎಂದು ಮಾತಾಯಿತು. ಬಾಯಿಪಾಠ ತಪ್ಪಿದರೆ ನೆನಪಿಸಲು ನಾನು ಹಾಳೆ ಹಿಡಿದು ಜೊತೆಗೆ ಹೋದೆ.

ಸ್ಟುಡಿಯೋ ಎಂದರೆ ಒಂದು ಮನೆಯ ಮಹಡಿ ಕೋಣೆ. ಗೋಡೆಗೆಲ್ಲ ಮೊಟ್ಟೆ ಇಡುವ ಟ್ರೇ ಅಂಟಿಸಿದ್ದರು. ಸದ್ದಾಗುತ್ತದೆಂದು ಫ್ಯಾನು ಆರಿಸಿದ್ದರು. ಗಾಜಿನಾಚೆ ರೆಕಾರ್ಡಿಂಗ್ ಮಾಡುವವರು, ಈಚೆ ತಬಲ, ಹಾರ್ಮೋನಿಯಂ. ಮೂಲೆಯಲ್ಲಿ ಗಾಯಕಿ ವಾರಪತ್ರಿಕೆ ಓದುತ್ತಾ ಕುಳಿತಿದ್ದರು. ದೊಡ್ಡವ್ವ ಮೈಕಿನ ಮುಂದೆ ದೇವರೆದುರು ನಿಂತಂತೆ ಕೈಮುಗಿದು ನಿಂತಳು. ತಬಲ ಶುರುವಾಯಿತು. ದನಿ ಹೊರಡಲಿಲ್ಲ. ಇನ್ನೊಮ್ಮೆ… ಮತ್ತೊಮ್ಮೆ… ಊಹೂಂ.

"ಅಮ್ಮಾ, ಮೈಕು ಕಚ್ಚಲ್ಲ ಹಾಡಿ," ಎಂದರು ಗಾಜಿನಾಚೆಯವರು.

"ಕಚ್ಚಿದ್ರೆ ವಾಸಿಯಾಗಿತ್ತು ಕಣಪ್ಪ. ಅಯ್ಯೋ ಅಂತಾದ್ರೂ ದನಿ ಬತ್ತಿತ್ತು."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಗಡಿಯಾರದಲ್ಲಿ ಹನ್ನೊಂದೂವರೆ ದಾಟಿತ್ತು. ಗಾಯಕಿ ಪತ್ರಿಕೆ ಮಡಿಸಿಟ್ಟು ಗಂಟಲು ಸರಿಮಾಡಿಕೊಂಡರು. ನಾನು ಮನಸ್ಸಿನಲ್ಲೇ ನಂಜನಗೂಡಿನ ದೇವರು ನಂಜುಂಡಪ್ಪನನ್ನು ನೆನೆದು ದೊಡ್ಡವ್ವನ ಕಡೆ ನೋಡಿದೆ. ಅವಳ ಬೆರಳುಗಳು ಗಾಳಿಯಲ್ಲಿ ತಡಕಾಡುತ್ತಿದ್ದವು. ಆಗ ಹೊಳೆಯಿತು. ಬರೀ ಕೈಯಲ್ಲಿ ನಿಂತು ಅವಳು ಹಾಡಿದ್ದನ್ನು ನಾನೆಂದೂ ಕಂಡೇ ಇರಲಿಲ್ಲ.

ಕೆಳಗಿಳಿದು ಓಡಿದೆ. ಮನೆಯೊಡತಿ ಒಲೆಯ ಮುಂದಿದ್ದರು. ಅವರ ಮೊರ, ಎರಡು ಸೇರು ಅಕ್ಕಿ ಕೇಳಿದೆ. ಪುಣ್ಯಾತ್ಗಿತ್ತಿ, ಏಕೆಂದೂ ಕೇಳದೆ ಕೊಟ್ಟರು.

"ಅಯ್ಯಯ್ಯೋ, ಮೊರದ ಸದ್ದೆಲ್ಲ ರೆಕಾರ್ಡ್ ಆಗ್ಬಿಡುತ್ತೆ!" ಎಂದು ಗಾಜಿನಾಚೆಯವರು ಕೂಗುವಷ್ಟರಲ್ಲಿ ದೊಡ್ಡವ್ವ ನೆಲದ ಮೇಲೆ ಕಾಲು ಚಾಚಿ ಕುಳಿತಾಗಿತ್ತು. ಯಾರೋ ಮೈಕು ತಗ್ಗಿಸಿದರು. ಮೂರು ತಟ್ಟು… ಬಿಡುವು. ಮೂರು ತಟ್ಟು… ಬಿಡುವು. ಆ ಬಿಡುವಿನೊಳಗಿಂದ ಹಾಡು ತಾನಾಗಿ ಎದ್ದು ಬಂತು, ಹೊಳೆಯ ಮೇಲೆ ಬೆಳಗಿನ ಹೊಗೆ ಏಳುವ ಹಾಗೆ. ತಬಲದವರು ಕೈಯೆತ್ತಿ ಕುಳಿತುಬಿಟ್ಟರು. ಎರಡನೇ ಚರಣಕ್ಕೆ ಮೆಲ್ಲಗೆ ಮೊರದ ಹಿಂದೆ ಸೇರಿಕೊಂಡರು. ನಡುವೆ ದೊಡ್ಡವ್ವನ ಕೈಗೆ ಕಲ್ಲೊಂದು ಸಿಕ್ಕಿತು. ಹಾಡುತ್ತಲೇ ಆರಿಸಿ ಎಸೆದಳು. ಟಿಕ್ ಎಂಬ ಆ ಸದ್ದೂ ಕ್ಯಾಸೆಟ್ಟಿನಲ್ಲಿ ಉಳಿಯಿತು. ಒಂದೇ ಸಲಕ್ಕೆ ಮುಗಿಯಿತು. ಗಾಯಕಿ ಕಣ್ಣೊರೆಸಿಕೊಂಡು ಬಂದು ಅವಳ ಕಾಲು ಮುಟ್ಟಿದರು.

ಆ ವರ್ಷ ಹತ್ತಿದ ಬಸ್ಸಿನಲ್ಲೆಲ್ಲ ಅದೇ ಹಾಡು. ದೊಡ್ಡವ್ವ ಮಾತ್ರ ಸಂಜೆಯ ಬಸ್ಸು ಬರುವ ಹೊತ್ತಿಗೆ ಜಗುಲಿಗೆ ಬಂದು ಕೂರುತ್ತಿದ್ದಳು. ತಿಂಗಳುಗಳು ಕಳೆದವು… ಒಂದು ಮಧ್ಯಾಹ್ನ, ಚಪ್ಪಲಿ ಬೀದಿಯಲ್ಲೇ ಬಿಟ್ಟು, ಬರೀ ಕೈಯಲ್ಲಿ ಒಬ್ಬ ಹೆಂಗಸು ಜಗುಲಿಯೆದುರು ಬಂದು ನಿಂತಳು.

"ದನಿ ಯಾರ್ದೋ ಅನ್ಕಂಡೆ. ಆಮ್ಯಾಕೆ ಮೊರ ಕೇಳುಸ್ತು ಕಣಕ್ಕ. ಅವ್ವ ಕೇರ್ದಂಗೆ! ತಾಂಡವಪುರದಲ್ಲಿ ಬಸ್ಸಿಂದ ಅಂಗೇ ಇಳ್ದುಬುಟ್ಟೆ. ಮೈಸೂರ್ಗೆ ಒಂಟಿದ್ದೋಳು ಇಲ್ಗೆ ಬಂದೆ."

"ಚೀಲಾನೂ ಬಸ್ಸಲ್ಲೇ ಬುಟ್ಬಂದಿದ್ದೀಯಲ್ಲೇ, ಮಂಕೆ!" ಎಂದು ಬೈದಳು ದೊಡ್ಡವ್ವ. ಬೈಯುತ್ತಲೇ ಒಳಗೆ ಹೋಗಿ, ಬೊಗಸೆ ತುಂಬ ಅಕ್ಕಿ ತಂದು ತಂಗಿಯ ಸೆರಗಿಗೆ ಸುರಿದಳು. ಕೇರಲಿಲ್ಲ. ಕಲ್ಲಿದೆಯೋ ಇಲ್ಲವೋ ಎಂದು ನೋಡಲೂ ಇಲ್ಲ.

ಇಬ್ಬರೂ ಒಟ್ಟಿಗೆ ಕೂತು ಕೇರಿದ್ದನ್ನು ಅನೇಕ ವರ್ಷ ನೋಡಿದೆ. ದೇವರು ದೊಡ್ಡವ. ದೊಡ್ಡವ್ವ ಹೋದಾಗ ನಾನು ಬಾಣಂತಿ, ಹೋಗಲಾಗಲಿಲ್ಲ… ಆ ಕೊರಗು ಈಗಲೂ ಇದೆ.

ಮೊರ ಒಣಗುವ ಹೊತ್ತಿಗೆ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಮೊಬೈಲಿನಲ್ಲಿ ಹುಡುಕಿ, "ನೋಡಮ್ಮ, ಸಿಕ್ತು! ಹಳೇ ಗಲಾಟೆಯೆಲ್ಲ ತೆಗೆದು ಹೊಸದು ಮಾಡಿದ್ದಾರೆ. ಎಷ್ಟು ಕ್ಲಿಯರ್ ಆಗಿದೆ!" ಎಂದಳು. ನಿಜ, ದೊಡ್ಡವ್ವನ ದನಿ ಪಕ್ಕದಲ್ಲೇ ಕುಳಿತಂತಿತ್ತು. ಮೊರ ಇರಲಿಲ್ಲ. ಕಲ್ಲಿನ ಟಿಕ್ ಕೂಡ ಇರಲಿಲ್ಲ.

ಹೊಸ ಮೊರಕ್ಕೆ ಒಂದು ಹಿಡಿ ಅಕ್ಕಿ ಹಾಕಿಕೊಂಡು ನಾನೇ ತಟ್ಟಿ ನೋಡಿದೆ. ಮೂರು ತಟ್ಟು ಬಂತು. ಆ ಬಿಡುವು ನನ್ನ ಕೈಗೆ ಸಿಗಲಿಲ್ಲ.

"ಸದ್ದು ಮಾಡ್ಬೇಡಮ್ಮ, ಹಾಡು ಕೇಳಿಸ್ತಿಲ್ಲ," ಎಂದಳು ಮಗಳು.

ನಾನು ಮೊರ ಕೆಳಗಿಟ್ಟೆ. ಹಿತ್ತಲಲ್ಲಿ ದೊಡ್ಡವ್ವನ ದನಿಯೊಂದೇ, ಬರೀ ಕೈಯಲ್ಲಿ ನಿಂತು ಹಾಡುತ್ತಿತ್ತು…