ಮಾದೇವಿಗೆ ಗಂಡ ಬೇಡವಾದದ್ದು

ಬರುವ ಅಮಾವಾಸ್ಯೆಗೆ ಮಾದೇವಿಯ ಬೆನ್ನಿಗೆ ಬರೆ ಎಳೆಯುವುದೆಂದು ತೀರ್ಮಾನವಾಗಿತ್ತು.

ತಪ್ಪೇನು? ಗಂಡ ಹತ್ತಿರ ಬಂದರೆ ಆಕೆಗೆ ಬೇಡ. ಅಷ್ಟೇ. (ಇಂಥ ವಿಷಯವನ್ನು ಪೇಪರಿನಲ್ಲಿ ಬರೆಯಬಾರದು ಎನ್ನುವವರು ದಯವಿಟ್ಟು ಪುಟ ಮಗುಚಿ. ಆದರೆ ಬರೆ ಎಳೆಯುವ ವಿಷಯವನ್ನು ಇಡೀ ಕೇರಿಯೇ ಕೂತು ಮಾತಾಡಿದೆ, ನೆನಪಿರಲಿ.)

ಮಾದೇವಿ ಮಾವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಸೊಸೆ. ಮೀನು ಮಾರುತ್ತಾಳೆ. ಗಂಡ ಜಟ್ಟಪ್ಪ ದೋಣಿಗೆ ಹೋಗುತ್ತಾನೆ. ಎರಡನೇ ಹೆರಿಗೆಯ ಪುರುಡು ಕಳೆಯುವ ಮೊದಲೇ ಈಕೆ ಕಡಲ ದಂಡೆಗೆ ಹೋದಳಂತೆ, ಅಲ್ಲಿ ದೆವ್ವ ಮೆಟ್ಟಿಕೊಂಡಿತಂತೆ, ಅದಕ್ಕೆ ಜಟ್ಟಪ್ಪನನ್ನು ಕಂಡರೆ ಆಗದಂತೆ. ನೋಟ ಹೇಳುವವನು ಅಕ್ಕಿಕಾಳು ಹರಡಿ ಹೇಳಿದ್ದು. ಮೊದಲು ಪಥ್ಯ. ಬರೀ ಗಂಜಿ, ಉಪ್ಪು. ಮೀನು ಬಂದ್. (ಮಾರಬಹುದಂತೆ, ತಿನ್ನಬಾರದಂತೆ. ದೆವ್ವಕ್ಕೂ ವ್ಯಾಪಾರ ಗೊತ್ತು!) ಅದಕ್ಕೂ ಬಿಡದಿದ್ದರೆ ಬರೆ.

ಜಟ್ಟಪ್ಪನನ್ನೇ ಕೇಳಿದೆ. ನಾನು ಶಾಲೆಯ ಟೀಚರ್, ಹಾಗಾಗಿ ಊರಿಗೆಲ್ಲ 'ಅಕ್ಕೋರು'.

"ನಂಗೂ ಹೆದ್ರಿಕೆ ಅಕ್ಕೋರೆ. ಕೈ ಹಿಡದ್ರೆ ಅದ್ರ ಮೈ ಕೊರಡಾಗ್ತದೆ. ಅದು ನಮ್ ಮಾದೇವಿ ಅಲ್ಲ."

ಬಿರುಗಾಳಿಗೆ ಹೆದರದ ಗಂಡಸು ಹೆಂಡತಿಗೆ ಹೆದರಿ ದೋಣಿಯಲ್ಲಿ ಮಲಗುತ್ತಿದ್ದ. ನನಗೂ ಭಯವೇ, ಸುಳ್ಳೇಕೆ? ಬರೆ ಕಾಯಿಸುವ ಕಬ್ಬಿಣ ಅವರ ಜಗಲಿಯಲ್ಲಿ ಆಗಲೇ ಬಂದು ಕೂತಿತ್ತು. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ. ಧೈರ್ಯ ಮಾಡಿ ಮಾದೇವಿಯ ಅತ್ತೆಯ ಎದುರು ನಿಂತೆ. ಒಮ್ಮೆ ಹೊನ್ನಾವರದ ಲೇಡಿ ಡಾಕ್ಟರಿಗೆ ತೋರಿಸೋಣ ಎಂದೆ.

"ದೆವ್ವಕ್ಕೆ ಡಾಕ್ಟ್ರು ಎಂತ ಮಾಡ್ತಾರೆ?" ಎಂದಳು. ಆದರೂ ಅಕ್ಕೋರ ಮಾತೆಂದು ಮಗನನ್ನೂ ಜೊತೆ ಮಾಡಿ ಕಳಿಸಿದಳು.

ಬಸ್ಸು ಹಿಡಿದು, ಶರಾವತಿಯನ್ನು ಲಾಂಚಿನಲ್ಲಿ ದಾಟಿದೆವು. ದಾರಿಯುದ್ದಕ್ಕೂ ಮಾದೇವಿ ನನ್ನ ಸೆರಗು ಬಿಡಲಿಲ್ಲ.

ಡಾಕ್ಟರು ಪರೀಕ್ಷೆ ಮಾಡಿ ಕೇಳಿದ್ದು ಒಂದೇ ಮಾತು: "ಗಂಡ ಹತ್ರ ಬಂದಾಗ ನೋವಾಗ್ತದಾ?"

ಮಾದೇವಿ ಬಾಗಿಲ ಕಡೆ ನೋಡಿದಳು. ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಹೆರಿಗೆಯಲ್ಲಾದ ಗಾಯ ಇನ್ನೂ ಮಾಗಿರಲಿಲ್ಲ. ಮೈಯಲ್ಲಿ ರಕ್ತವಿಲ್ಲ. ಇನ್ನೊಂದು ಬಸಿರಾದರೆ ಸತ್ತೇ ಹೋಗುತ್ತೇನೆಂಬ ಹೆದರಿಕೆ ಬೇರೆ. ಇಷ್ಟಾದ ಮೇಲೆ ಆಸೆ ಎಲ್ಲಿಂದ ಬರಬೇಕು ಸ್ವಾಮಿ?

ಡಾಕ್ಟರು ಜಟ್ಟಪ್ಪನನ್ನು ಒಳಗೆ ಕರೆದರು. ಔಷಧಿ, ಟಾನಿಕ್, ದಿನಾ ಮೀನು. ಗಾಯ ಮಾಗುವವರೆಗೆ ಬೇರೆ ಹಾಸಿಗೆ. "ಮಾಗಿದ ಮೇಲೂ ಮೊದಲು ಅವಳನ್ನ ಕೇಳು" ಎಂದರು. ಅವನು ಬೆವರು ಒರೆಸಿಕೊಂಡು "ಆತು" ಎಂದ. ಈಗ ಕುಟುಂಬ ಯೋಜನೆಯ ಜೀಪು ಊರೂರು ಸುತ್ತಿ ಎಷ್ಟು ಮಕ್ಕಳು ಸಾಕೆಂದು ಮೈಕಿನಲ್ಲಿ ಕೂಗುತ್ತದೆ. ಹೆಂಡತಿಗೆ ಮನಸ್ಸಿದೆಯೇ ಎಂದು ಕೇಳಿ ಅಂತ ಕೂಗಿದ್ದನ್ನು ನಾನಂತೂ ಕೇಳಿಲ್ಲ.

ಅಮಾವಾಸ್ಯೆಯ ಬರೆ ತಪ್ಪಿತು. ಅವ್ವನಿಗೆ ತಾನೇ ಹೇಳುತ್ತೇನೆಂದು ಜಟ್ಟಪ್ಪ ಮಾತು ಕೊಟ್ಟ. ನಾನು ಮರಳುವ ಲಾಂಚಿನಲ್ಲಿ ನಿರಾಳವಾಗಿ ಕೂತಿದ್ದೆ. ಆಗ ಮಾದೇವಿ ಗಂಡನಿಗೆ ಕೇಳದಂತೆ ನನ್ನ ಕಿವಿಗೆ ಬಾಗಿದಳು.

"ಗಾಯ ಮಾಗ್ತದೆ, ಮೈಗೆ ರಕ್ತನೂ ಬರ್ತದೆ. ಆಗ್ಲೂ ನಂಗೆ ಮನಸ್ಸಾಗ್ದೇ ಇದ್ರೆ ಎಂತ ಹೇಳೂದು ಅಕ್ಕೋರೆ?"

ಅವಳ ಕೈ ಹಿಡಿದುಕೊಂಡೆ. ಅವಳು ಕೇಳಿದ್ದನ್ನೇ ಈಗ ನಿಮ್ಮನ್ನು ಕೇಳುತ್ತೇನೆ.

'ಬೇಡ' ಎನ್ನಲು ಹೆಂಗಸಿಗೆ ತೋರಿಸಲೊಂದು ಗಾಯ ಇರಲೇಬೇಕೇ?