ಅವ್ವನ ಲಿವರ್, ಅಪ್ಪನ ಬೈಠಕ್

ಅಪ್ಪನ ಹೊಟ್ಟೆಯಲ್ಲಿ ಅವ್ವನ ಲಿವರಿನ ತುಂಡೊಂದು ಕೆಲಸ ಮಾಡತೊಡಗಿದ ಮೇಲೆ ನಮ್ಮ ತಾರ್ನಾಕದ ಮನೆಯಲ್ಲಿ ಅಧಿಕಾರ ಯಾರದೆಂಬ ಚರ್ಚೆಯೇ ಉಳಿಯಲಿಲ್ಲ. ಹನಿ ಸಾರಾಯಿ ಮುಟ್ಟದ ಅಪ್ಪನ ಲಿವರನ್ನು ಹಳೆಯ ಕಾಮಾಲೆಯ ಸೋಂಕೊಂದು ತಿಂದುಹಾಕಿತ್ತು. ಅವ್ವ ತನ್ನದರಲ್ಲಿ ಪಾಲು ಕೊಟ್ಟಳು. ಕೊಟ್ಟು ಮರೆಯುವವಳಲ್ಲ ಅವಳು. ಅಪ್ಪ ಮಿರ್ಚಿ ಭಜಿಯ ಕಡೆ ಕೈ ಚಾಚಿದರೆ ಸಾಕು, "ಅದು ನನ್ನ ಲಿವರ್ ರೀ, ಅದಕ್ಕ ಎಣ್ಣಿದು ಸೇರಂಗಿಲ್ಲ" ಎನ್ನುತ್ತಿದ್ದಳು.

ಊರಿನ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲವದು. ಅಂಥದ್ದೊಂದರಲ್ಲಿ ಕೂತು ಸಾಫ್ಟ್‌ವೇರಿನ ತಪ್ಪು ಹುಡುಕುವುದು ನನ್ನ ಕೆಲಸ. ಬಿಡುವಾದಾಗ ಅಪ್ಪನ ರಕ್ತಪರೀಕ್ಷೆಯ ಅಂಕಿಗಳಿಗೂ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಿದ್ದೆ. ನನ್ನ ಕಣ್ಣು ಎರಡರ ಮೇಲೆ: ಎಎಸ್‌ಟಿ, ಎಎಲ್‌ಟಿ. ಲಿವರಿನ ಜೀವಕೋಶಗಳಿಗೆ ಪೆಟ್ಟಾದರೆ ಅವುಗಳೊಳಗಿನ ಈ ಎಂಜೈಮುಗಳು ರಕ್ತಕ್ಕೆ ಸೋರುತ್ತವೆ, ಅಂಕಿ ಏರುತ್ತದೆ. ಅಪ್ಪನ ಗೆರೆಗಳು ತಿಂಗಳುಗಟ್ಟಲೆ ತೆಪ್ಪಗೆ ಮಲಗಿದ್ದವು.

ಒಂದು ಚಳಿಗಾಲದಲ್ಲಿ ಎಎಸ್‌ಟಿ ದಿಢೀರನೆ ಮೇಲೆದ್ದಿತು. ಎಎಲ್‌ಟಿ ಏರಿದ್ದು ಸ್ವಲ್ಪವೇ. ಕಸಿ ಮಾಡಿದ ಲಿವರನ್ನು ದೇಹ ಒಲ್ಲೆ ಎಂದರೂ ಹೀಗೆ ಏರಬಹುದೆಂದು ನಮಗೆ ಮೊದಲೇ ಹೇಳಿದ್ದರು. ಅವ್ವ ವಿಚಾರಣೆಗೆ ಕೂತಳು.

"ಖರೇ ಹೇಳ್ರಿ, ಹೊರಗ ಏನ್ ತಿಂದ್ರಿ?"

"ಏನೂ ತಿಂದಿಲ್ಲ ಮಾರಾಯ್ತಿ."

"ಗುಳಗಿ ತಪ್ಪಿಸೀರೇನು?"

"ನೀನ ಎದುರಿಗೆ ನಿಂತು ನುಂಗಸ್ತಿ. ಹ್ಯಾಂಗ ತಪ್ಪಸ್ಲಿ?"

ದಿಲ್‌ಸುಖ್‌ನಗರದ ಚಿಕ್ಕಮ್ಮ ಫೋನಿನಲ್ಲೇ ನೆಲನೆಲ್ಲಿ ಕಷಾಯ ಹೇಳಿದಳು. ಯಾವ ಕಷಾಯವನ್ನೂ ಕೊಡಕೂಡದೆಂದು ಡಾಕ್ಟರ ಕಟ್ಟಪ್ಪಣೆ ಇತ್ತಾದ್ದರಿಂದ ಅಪ್ಪ ಬಚಾವಾದ.

ಡಾಕ್ಟರು ತೆಲುಗು ಹೆಣ್ಣುಮಗಳು. ಅಂಕಿ ನೋಡಿ ಗಾಬರಿಯಾಗಲಿಲ್ಲ. ಒಂದೇ ಅಂಕಿ ಹಿಡಿದು ತೀರ್ಪು ಕೊಡಬಾರದು ಎಂದು ಮಗಳಾದ ನನಗೆ ಬಿಡಿಸಿ ಹೇಳಿದರು: ಪಿತ್ತನಾಳದಲ್ಲಿ ತೊಂದರೆಯಾದರೆ ಏರುವ ಎಂಜೈಮುಗಳು ಬೇರೆ, ಅವು ಅಲುಗಿಲ್ಲ. ಕಾಮಾಲೆ ತೋರಿಸುವ ಬಿಲಿರುಬಿನ್ ಸರಿಯಿದೆ. ಕಸಿಯ ಲಿವರನ್ನು ದೇಹ ಒಲ್ಲೆ ಎನ್ನದಿರಲು ಕೊಡುವ ಔಷಧ ರಕ್ತದಲ್ಲಿ ಬೇಕಾದಷ್ಟೇ ಇದೆ. ಸ್ಕ್ಯಾನ್ ಕೂಡ ಚೆನ್ನಾಗಿದೆ. ಆದರೆ ಎಎಸ್‌ಟಿ ಸ್ನಾಯುಗಳಲ್ಲೂ ಇರುತ್ತದೆ.

ಹೀಗೆ ಹೇಳುತ್ತಲೇ ಅವರು ಅಪ್ಪನ ತೊಡೆ ಒತ್ತಿದರು. ಅಪ್ಪ ಕೂಗಿದ್ದು ಹೊರಗಿನ ಬೆಂಚಿನವರಿಗೂ ಕೇಳಿಸಿತು. ಸ್ನಾಯುವಿನದೇ ಇನ್ನೊಂದು ಪರೀಕ್ಷೆ ಮಾಡಿಸಿದರು. ಅದರ ಅಂಕಿ ಎಲ್ಲೋ ಆಕಾಶದಲ್ಲಿತ್ತು.

"ಸಾರ್, ಕ್ಯಾ ಕರ್ ರಹೇ ಥೆ ಆಪ್?" ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದರು.

ಅಪ್ಪ ಫ್ಯಾನು ನೋಡಿದ, ನನ್ನನ್ನು ನೋಡಿದ, ಅವ್ವನನ್ನು ಮಾತ್ರ ನೋಡಲಿಲ್ಲ. "ಬೈಠಕ್" ಎಂದ.

ಯೂನಿವರ್ಸಿಟಿ ಆವರಣದಲ್ಲಿ ಬೆಳಗಿನ ವಾಕಿಂಗಿಗೆ ಹೋದಾಗ ಸಾಫ್ಟ್‌ವೇರ್ ಹುಡುಗರ ಗುಂಪೊಂದು ಏದುಸಿರು ಬಿಡುತ್ತ, ಕುಕ್ಕರಗಾಲಲ್ಲಿ ಕೂತು ಏಳುತ್ತ ಬೈಠಕ್ ಹೊಡೆಯುತ್ತಿತ್ತಂತೆ. ನಿಂತು ನೋಡಿದ ಅಪ್ಪನಿಗೆ ಒಬ್ಬ ಬೆಂಚು ತೋರಿಸಿ, "ಅಂಕಲ್, ಆಪ್ ಆರಾಮ್ ಸೆ ಬೈಠೋ" ಎಂದನಂತೆ. ಹರೆಯದಲ್ಲಿ ವಿಜಯಪುರದ ತಾಲೀಮಿನ, ಅಂದರೆ ಗರಡಿಯ, ಮಣ್ಣು ಮೈಗೆ ಹತ್ತಿಸಿಕೊಂಡವನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಎಷ್ಟು ಹೊಡದ್ರಿ?" ಅವ್ವ ಕೇಳಿದಳು.

"ಎಣಸಿಲ್ಲ. ಅವ್ರು ಚಪ್ಪಾಳಿ ಹೊಡ್ಯಾಕತ್ತಿದ್ರು, ನಾ ಬೈಠಕ್ ಹೊಡ್ಯಾಕತ್ತಿದ್ದೆ."

"ನನ್ನ ಲಿವರ್ ಹೊಟ್ಟ್ಯಾಗ ಇಟ್ಕೊಂಡು ಪೈಲ್ವಾನಕಿ ಮಾಡಿದ್ರ್ಯಾ?"

"ನಿನ್ನ ಲಿವರಿಗೆ ಏನೂ ಆಗಿಲ್ಲಲ್ಲ! ಭಾಳ ಗಟ್ಟಿ ಐತಿ."

ಡಾಕ್ಟರು ಕಿಟಕಿಯ ಕಡೆ ತಿರುಗಿ ನಕ್ಕರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಹೀಗೆ ಸ್ನಾಯು ನೋಯಿಸಿಕೊಂಡರೆ ಕಿಡ್ನಿಗೂ ಹೊರೆ, ಹೊಲಿಗೆ ಹಾಕಿದ ಹೊಟ್ಟೆಗೂ ಒಳ್ಳೆಯದಲ್ಲ ಎಂದು ಗದರಿಸಿದರು. ಚೆನ್ನಾಗಿ ನೀರು ಕುಡಿಯಬೇಕು, ವಿಶ್ರಾಂತಿ ತಗೊಳ್ಳಬೇಕು, ವಾರ ಬಿಟ್ಟು ಮತ್ತೆ ರಕ್ತಪರೀಕ್ಷೆ.

ಆ ವಾರ ಅವ್ವ ದಿನವೂ ಅಪ್ಪನನ್ನು ಬಿಸಿಲಿಗೆ ನಿಲ್ಲಿಸಿ, ಕಣ್ಣು ಹಳದಿಯಾಯಿತೇ ಎಂದು ರೆಪ್ಪೆ ಎಳೆದು ನೋಡಿದಳು. ಡಾಕ್ಟರ ಮಾತಿನಲ್ಲಿ ನಂಬಿಕೆಯಿತ್ತು, ಅಪ್ಪನ ಮಾತಿನಲ್ಲಿರಲಿಲ್ಲ.

ಎಎಸ್‌ಟಿ, ಎಎಲ್‌ಟಿ ಎರಡೂ ಇಳಿದವೆಂದು ಗೊತ್ತಾದಾಗ ನಾನು ಆಫೀಸಿನಿಂದ ಮನೆಗೆ ಫೋನ್ ಮಾಡಿದೆ. ಎತ್ತಿದವಳು ಅವ್ವ. ಸುದ್ದಿ ಹೇಳಿದೊಡನೆ ಬಿಕ್ಕುವ ಸದ್ದು. ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗಲೂ ನಗುತ್ತ ಹೋದವಳು ಅತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅವ್ವಾ?" ಎಂದೆ.

"ಫೋನ್ ಇಡವ್ವ, ಹಾಲು ಉಕ್ಕಾಕತ್ತೈತಿ" ಎಂದಳು.